ಕಾಫಿಪುಡಿ ಕಳ್ಳನ ಭಾನುವಾರಗಳು

ನನ್ನ ತಂಗಿಯ ಗಂಡ ಕಳ್ಳನಲ್ಲ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ. ನನ್ನ ಅಡುಗೆಮನೆಯ ಕಾಫಿಪುಡಿ ಡಬ್ಬಿಯ ಮುಂದೆ ಮಾತ್ರ ಹೇಳಲಾರೆ!

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ನಂಜನಗೂಡಿನಲ್ಲಿ ನರ್ಸ್. ಐದೂವರೆಗೆ ಕಾಫಿ, ಆರಕ್ಕೆ ಸ್ನಾನ, ಏಳೂ ಮುಕ್ಕಾಲಿಗೆ ಮನೆಗೆ ಬೀಗ. ನನ್ನನ್ನು ನೋಡಿ ಬೀದಿಯವರೆಲ್ಲ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು ಎಂದರೆ ಉತ್ಪ್ರೇಕ್ಷೆಯಾದೀತು; ಇಬ್ಬರು ಮಾತ್ರ ಮಾಡಿಕೊಳ್ಳುತ್ತಿದ್ದರು. ಡಬ್ಬಿಯಲ್ಲಿನ ಪುಡಿಯನ್ನೂ ಚಮಚದ ಬೆನ್ನಿನಿಂದ ಸಮ ಮಾಡಿಯೇ ಮುಚ್ಚಳ ಹಾಕುವವಳು ನಾನು. ಇಂಥ ಮನೆಗೆ, ಅಂಗಿಯ ಗುಂಡಿಯನ್ನು ಒಂದು ಕಾಜ ತಪ್ಪಿಸಿಯೇ ಹಾಕುವ, ಬೆಲ್ಟಿನ ತುದಿಯನ್ನು ಬಾಲದಂತೆ ಇಳಿಬಿಟ್ಟುಕೊಂಡು ಓಡಾಡುವ ಸೈಕಲ್ ಶಾಪಿನ ಮನುಷ್ಯನೊಬ್ಬ ಪ್ರತಿ ಶನಿವಾರ ಸಂಜೆ ತಿ. ನರಸೀಪುರದಿಂದ ಬಸ್ಸಿನಲ್ಲಿ ಬಂದಿಳಿದರೆ ನನ್ನ ಗತಿ ಏನಾಗಬೇಡ!

ಬರಬೇಡ ಎನ್ನುವಂತಿರಲಿಲ್ಲ. ತಂಗಿಗೆ ಕ್ಷಯವಾಗಿತ್ತು. ಆರು ತಿಂಗಳ ಮಾತ್ರೆ. ಆಸ್ಪತ್ರೆ ಹತ್ತಿರವೆಂದು ನನ್ನ ಮನೆಗೇ ಕರೆತಂದು ಮಲಗಿಸಿದ್ದೆ. ಮಂಚದ ಪಕ್ಕದ ಗೋಡೆಗೆ ಚಾರ್ಟು ಅಂಟಿಸಿದೆ: ಮಾತ್ರೆ, ಜ್ವರ, ತೂಕ. ಮಾತ್ರೆ ಒಂದು ದಿನವೂ ತಪ್ಪಲಿಲ್ಲ. ಜ್ವರ ಇಳಿಯಿತು. ಅದರ ಹಿಂದೆಯೇ ತೂಕವೂ ಇಳಿಯತೊಡಗಿತು! "ಮಾಂಸ, ಮೊಟ್ಟೆ ಏನಾದರೂ ತಿನ್ನಿಸಿ ಸಿಸ್ಟರ್. ಹೀಗೇ ಇಳಿದರೆ ಈ ಔಷಧಿಯನ್ನು ದೇಹ ತಡೆಯೋದಿಲ್ಲ" ಎಂದರು ಡಾಕ್ಟರು. ತಿನ್ನಿಸುವುದು ಹೇಗೆ? ಬಾಡಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ಅವಳಿಗೆ ಓಕರಿಕೆ. ಸಾರು ಮಾಡಿದೆ, ಹುರಿದೆ, ಕೀಮಾ ಮಾಡಿದೆ. ಎಲ್ಲಕ್ಕೂ ಅವಳದು ಒಂದೇ ಉತ್ತರ: "ಬ್ಯಾಡ." ಇಪ್ಪತ್ತು ವರ್ಷ ವಾರ್ಡಿನ ರೋಗಿಗಳನ್ನೆಲ್ಲ ಗದರಿಸಿ ಉಣ್ಣಿಸಿದವಳು ಸ್ವಂತ ತಂಗಿಯ ಮುಂದೆ ತಟ್ಟೆ ಹಿಡಿದು ಸೋತು ಕೂತೆ.

ಇಂಥ ದಿನಗಳ ಒಂದು ಭಾನುವಾರ ಡಬ್ಬಿ ತೆರೆದರೆ, ಸಮ ಮಾಡಿಟ್ಟ ಪುಡಿಯ ನಡುವೆ ಹಳ್ಳ! ನೆಲದ ಮೇಲೆ ಪುಡಿಯ ಗೆರೆ. ಗೆರೆ ಹಿಡಿದು ಹಿತ್ತಿಲಿಗೆ ಹೋದೆ. ಮಹಾಶಯ ಒರಳಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕುಟ್ಟುತ್ತಿದ್ದ. ಕಾಳುಮೆಣಸು, ಒಣಮೆಣಸಿನಕಾಯಿ, ಧನಿಯಾ, ಜೀರಿಗೆ, ಎರಡು ಲವಂಗ, ಉಪ್ಪು, ಚೂರು ಬೆಲ್ಲ. ಅವುಗಳ ಮೇಲೆ ನನ್ನ ಕಾಫಿಪುಡಿ!

"ಏನಪ್ಪಾ ಇದು?"

"ಮಸಾಲೆ ಅಕ್ಕಾ. ಬಾಡಿಗೆ ಉಜ್ಜಿ ಕೆಂಡದ ಮೇಲೆ ಸುಡೋಕೆ."

"ಬಾಡಿಗೆ ಕಾಫಿನಾ? ತಲೆ ಸರಿ ಇದೆಯಾ?"

"ಬೆಳಿಗ್ಗೆ ನೀವ್ ಡಿಕಾಕ್ಷನ್ ಆಕ್ದಾಗ ಇವ್ಳು ದಿಂಬಿಂದ ತಲೆ ಎತ್ತತಾಳೆ, ನೋಡಿದೀರಾ? ಆ ವಾಸ್ನೆ ಒಂದಕ್ಕೇ ಇವ್ಳು ಮೂಗ್ ಮುಚ್ಕೊಳಲ್ಲ."

ನಾನು ನೋಡಿರಲಿಲ್ಲ. ಐದೂವರೆಗೆ ನಾನು ನೋಡುವುದು ಗಡಿಯಾರವನ್ನು. ಆದರೂ ಸೋಲಬಾರದಲ್ಲ!

"ಖಾಲಿ ಹೊಟ್ಟೆಯ ಮಾತ್ರೆ, ಕಾಫಿ ಕುಡಿಯಬಾರದು ಅಂತ ಡಾಕ್ಟರು ಹೇಳಿದಾರೆ."

"ಕುಡೀಬ್ಯಾಡಿ ಅಂದ್ರು ಅಕ್ಕಾ. ತಿನ್ಬ್ಯಾಡಿ ಅಂದ್ರಾ?"

ಇಂಥವರಿಗೆ ಏನು ಹೇಳುವುದು, ನೀವೇ ಹೇಳಿ.

ಮಾಂಸ ಚುಚ್ಚಲು ಆತ ತಂದದ್ದು ಏನನ್ನು ಗೊತ್ತೆ? ಸೈಕಲ್ ಚಕ್ರದ ಕಡ್ಡಿಗಳನ್ನು! "ಒಸಾವು ಅಕ್ಕಾ, ಇನ್ನೂ ಚಕ್ರಕ್ಕೆ ಆಕಿಲ್ಲ" ಎಂದು ಪ್ರಮಾಣ ಮಾಡಿದ. ನಾನು ಅವನ್ನು ಕಿತ್ತುಕೊಂಡು ಸಿರಿಂಜು ಕುದಿಸುವ ಪೆಟ್ಟಿಗೆಯಲ್ಲಿ ಇಪ್ಪತ್ತು ನಿಮಿಷ ಕುದಿಸಿ ಕೊಟ್ಟೆ. ಬಾಡು ಚುಚ್ಚುವ ಮೊದಲು ಕಡ್ಡಿಗೇ ಸಿರಿಂಜಿನ ಯೋಗ ಬಂದ ಮನೆ ಲೋಕದಲ್ಲಿ ನನ್ನದೊಂದೇ ಇರಬೇಕು.

ಗಾರೆ ಕೆಲಸದ ಹಳೇ ಬಾಂಡ್ಲಿಯಲ್ಲಿ ಇದ್ದಿಲು ಹೊತ್ತಿತು. ಮಸಾಲೆ ಉಜ್ಜಿದ ಬಾಡು ಅದರ ಮೇಲೆ ಕೂತಿತು. ಐದು ನಿಮಿಷಕ್ಕೆ ಮಸಾಲೆಯೆಲ್ಲ ಅಂಟಂಟಾಗಿ ಕರಗಿ, ಟಾರು ಹಾಕಿದಂತೆ ಮೆತ್ತಿಕೊಂಡು, ಸೀದು ಕಪ್ಪಾಯಿತು. ಕಡ್ಡಿಯಿಂದ ಚೂರು ಬರಲಿಲ್ಲ. ಆತ ಕಟಿಂಗ್ ಪ್ಲೇಯರ್ ತಂದು ಎಳೆದ. ನಾಲಿಗೆಗಿಟ್ಟರೆ ಬೇವಿನ ಕಹಿ. ತಂಗಿ ಗೋಡೆಯ ಕಡೆ ಹೊರಳಿದಳು. "ಬ್ಯಾಡ."

"ಪಂಚರ್ ಹಾಕಿದಂಗಿದೆ ಕಣಪ್ಪಾ ನಿನ್ನ ಅಡುಗೆ" ಎಂದೆ.

"ಮೊದಲ್ನೇ ಸಲ ಯಾವ್ ಪಂಚರ್ ಸರಿಯಾಗ್ ಕೂರ್ತದೆ ಅಕ್ಕಾ?" ಎಂದು ಆ ಕರಿ ಚೂರುಗಳನ್ನೆಲ್ಲ ತಾನೇ ಕೂತು ತಿಂದು, ಬೆರಳು ನೆಕ್ಕಿದ. ಹೊಟ್ಟೆಬಾಕ! ಹೆಂಡತಿಯ ಹೆಸರಲ್ಲಿ ತನ್ನ ಬಾಯಿಚಪಲ ತೀರಿಸಿಕೊಳ್ಳುತ್ತಿದ್ದಾನೆ ಎಂದು ಆಗಲೇ ತೀರ್ಮಾನಿಸಿಬಿಟ್ಟೆ.

ಆಮೇಲೆ ಭಾನುವಾರಕ್ಕೊಂದು ಪ್ರಯೋಗ. ಹಿತ್ತಿಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಆತನ ಲೆಕ್ಕ ಬೆಳೆಯಿತು. "ಬೆಲ್ಲ ಕಮ್ಮಿ: ಅಂಟು." "ಬೆಲ್ಲ ಇಲ್ಲ: ಆದ್ರೂ ಅಂಟು." "ಕಾಫಿ ಜಾಸ್ತಿ: ದೇವ್ರೇ ಕಾಪಾಡ್ಬೇಕು." ಪಕ್ಕದ ಮನೆಯ ಗೌರಮ್ಮನವರು ಒಣಹಾಕಿದ್ದ ಸೀರೆಗೆಲ್ಲ ಹೊಗೆ ಹತ್ತಿತು. ನಾನು ಡ್ಯೂಟಿಗೆ ಹೋದಾಗ ತಂಗಿಯನ್ನು ನೋಡಿಕೊಳ್ಳುವ ಪುಣ್ಯಾತ್ಗಿತ್ತಿ ಆಕೆ, ಬೈಯಲಿಲ್ಲ. "ಸೀರೆ ಉಟ್ರೆ ಬಾಡೂಟಕ್ಕೆ ಓಗ್ಬಂದಂಗೆ ಆಯ್ತದೆ ಕಣ್ರೀ ಸಿಸ್ಟ್ರೇ" ಎಂದರು, ಅಷ್ಟೆ.

ನಾನು ಕಾನೂನು ಮಾಡಿದೆ: ಹನ್ನೊಂದರಿಂದ ಹನ್ನೊಂದೂ ಮುಕ್ಕಾಲರವರೆಗೆ ಮಾತ್ರ ಬೆಂಕಿ. ಆತ ಒಪ್ಪಿದ. ಹನ್ನೆರಡೂವರೆಗೂ ಬೆಂಕಿ ಉರಿಯುತ್ತಿತ್ತು! ಮಸಾಲೆಯ ಚಮಚವನ್ನೇ ಡಬ್ಬಿಗೆ ಅದ್ದುವುದು ಬೇರೆ. ನಮ್ಮ ಮೇಟ್ರನ್ ಒಮ್ಮೆ ತಂಗಿಯನ್ನು ನೋಡಲು ಬಂದವರು ನನ್ನ ಕಾಫಿ ಒಂದು ಗುಟುಕು ಕುಡಿದು, ಲೋಟವನ್ನು ಮೆಲ್ಲನೆ ಕೆಳಗಿಟ್ಟು, "ಸಾರು ಚೆನ್ನಾಗಿದೆ. ಅನ್ನ ಇದೆಯಾ?" ಎಂದು ಕೇಳಿದರು.

ಅಂದೇ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಅದರ ಮುಂದಿನದು ಒಂಬತ್ತನೆಯ ಭಾನುವಾರ. ತಂಗಿಯ ರೆಟ್ಟೆ ನನ್ನ ಮುಷ್ಟಿಯೊಳಗೆ ಬರುವಷ್ಟಾಗಿತ್ತು. ಚಾರ್ಟಿನ ಗೆರೆ ಇನ್ನೆರಡು ವಾರ ಇಳಿದರೆ ಕಾಗದದ ಅಂಚು. ಆತ ಅವಳ ಮಂಚದ ಪಕ್ಕ ನೆಲದ ಮೇಲೆ ಬರಿಗೈಯಲ್ಲಿ ಕೂತಿದ್ದ.

"ಬೀಗ ಆಕಿದ್ದು ಸರಿ ಬಿಡಿ ಅಕ್ಕಾ. ಏನ್ ಮಾಡಿದ್ರೂ ಅಂಟ್ಕಳ್ತದೆ, ಸೀಯ್ತದೆ. ಎಲ್ ತಪ್ತಾ ಇದೀನೋ ನಂಗೊತ್ತಾಯ್ತಿಲ್ಲ."

ಮೊದಲ ಸಲ ಆತನ ಬಾಯಲ್ಲಿ ತಮಾಷೆ ಇರಲಿಲ್ಲ.

"ಚಿಕೋರಿ."

ಇಬ್ಬರೂ ತಿರುಗಿ ನೋಡಿದೆವು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ತಂಗಿ ಹೇಳಿದ್ದು.

"ಅಕ್ಕ ಪುಡಿಗೆ ಚಿಕೋರಿ ಸೇರ್ಸಿ ತರ್ತಾಳೆ. ಬಿಸಿಗೆ ಅಂಟು ಬಿಡೋದು ಅದೇ ಕಣ್ರೀ. ಬರೀ ಬೀಜದ ಪುಡಿ ತನ್ನಿ."

ವಾರಗಟ್ಟಲೆ "ಬ್ಯಾಡ" ಬಿಟ್ಟು ಬೇರೆ ಮಾತಾಡದವಳು ಒಂದೇ ಉಸಿರಿಗೆ ಇಷ್ಟು ಆಡಿ ಸುಸ್ತಾಗಿ ಕಣ್ಣು ಮುಚ್ಚಿದಳು. ಆತ ನನ್ನ ಮುಖ ನೋಡಿದ. ನಾನು ಬೀರುವನ್ನು ನೋಡಿದೆ. ಪಾವು ಕೇಜಿ ಬೀಜದ ಪುಡಿಗೆ ಇಷ್ಟೇ ಚಿಕೋರಿ ಎಂದು ಅಂಗಡಿಯವನಿಗೆ ವರ್ಷಗಟ್ಟಲೆ ಕರಾರುವಾಕ್ಕಾಗಿ ಹೇಳಿ ಕಟ್ಟಿಸಿಕೊಂಡು ಬಂದವಳು ನಾನು. ಎಂಟು ಭಾನುವಾರ ಹಾಳು ಮಾಡಿದ್ದು ನನ್ನದೇ ಡಬ್ಬಿ. ಅವಮಾನ ಮಾಡಿದ್ದು ಆತನಿಗೆ!

ಮುಂದಿನ ಶನಿವಾರ ಆತ ತಿ. ನರಸೀಪುರದಿಂದ ಬರೀ ಬೀಜದ ಪುಡಿಯ ಪೊಟ್ಟಣವನ್ನು ಅಂಗಿಯ ಒಳಗಿಟ್ಟುಕೊಂಡು ಬಂದ. "ಬಸ್ನಾಗೆ ಎಲ್ರೂ ನನ್ನೇ ಮೂಸ್ತಿದ್ರು ಅಕ್ಕಾ" ಎಂದ. ಭಾನುವಾರ ಹನ್ನೊಂದಕ್ಕೆ ಬೆಂಕಿ ಹೊತ್ತಿತು. ಮಸಾಲೆ ಕರಗಲಿಲ್ಲ, ಚೂರಿನ ಮೇಲೆ ಒಣಗಿದ ಮಣ್ಣಿನಂತೆ ಕೂತು ಹದವಾಗಿ ಕೆಂಪಗಾಯಿತು. ಹಿತ್ತಿಲಿಂದ ಮನೆಯೊಳಗೆ ಬಂದದ್ದು ಬಾಡಿನ ವಾಸನೆಯಲ್ಲ, ನನ್ನ ಐದೂವರೆಯ ವಾಸನೆ. ಈ ಸಲ ನಾನು ಗಡಿಯಾರ ನೋಡಲಿಲ್ಲ, ತಂಗಿಯನ್ನು ನೋಡಿದೆ. ಅವಳು ದಿಂಬಿನಿಂದ ತಲೆ ಎತ್ತಿದಳು.

ಒಂದು ಚೂರು ತಿಂದಳು. ನಾವಿಬ್ಬರೂ ಉಸಿರು ಹಿಡಿದು ಬೇಸಿನ್ ಹಿಡಿದು ನಿಂತಿದ್ದೆವು. ಬೇಸಿನ್ ಬೇಕಾಗಲಿಲ್ಲ. "ಇನ್ನೊಂದ್ ಕೊಡಿ" ಎಂದಳು. ನಾಲ್ಕು ತಿಂದು, ಐದನೆಯದನ್ನು ಗಂಡನ ಕಡೆ ಚಾಚಿದಳು.

"ನೀವ್ ತಿನ್ನಿ."

"ನಂಗ್ಯಾಕೆ? ನಾನು ವಾರವೆಲ್ಲ ಉಣ್ತೀನಲ್ಲ."

"ಏನ್ ಉಣ್ತೀರಿ? ಬೆಲ್ಟಿಗೆ ಎಷ್ಟ್ ತೂತ ಒಡ್ದಿದೀರಿ, ತೋರ್ಸಿ."

ಆತ ಅಂಗಿ ಎಳೆದು ಮುಚ್ಚಿಕೊಳ್ಳಲು ನೋಡಿದ. ನಾನು ಬಿಡಲಿಲ್ಲ. ಅಂಗಡಿಯ ದಬ್ಬಣದಲ್ಲಿ ಹೊಡೆದ ಹೊಸ ತೂತುಗಳು ನಾಲ್ಕಿದ್ದವು. ಬಾಲದಂತೆ ನೇತಾಡುತ್ತಿದ್ದ ಆ ತುದಿಯನ್ನು ಅಶಿಸ್ತು ಎಂದುಕೊಂಡಿದ್ದೆನಲ್ಲ! ಅವಳಿಲ್ಲದ ತಿ. ನರಸೀಪುರದ ಮನೆಯಲ್ಲಿ ವಾರವೆಲ್ಲ ಒಲೆ ಹೊತ್ತಿರಲೇ ಇಲ್ಲ. ಆ ಕಹಿ ಕರಿ ಚೂರುಗಳೇ ಆತನ ವಾರದ ಊಟವಾಗಿದ್ದವು. ಮಲಗಿದಲ್ಲಿಂದಲೇ ತಂಗಿಗೆ ಕಂಡದ್ದು, ಜ್ವರವನ್ನು ಅರ್ಧ ಡಿಗ್ರಿ ಬಿಡದೆ ಬರೆದಿಡುವ ನನಗೆ ಕಂಡಿರಲಿಲ್ಲ.

ಸೋಮವಾರ ತಂಗಿಯ ತೂಕ ಏರಲಿಲ್ಲ. ಇಳಿಯಲೂ ಇಲ್ಲ.

ಆ ಚಾರ್ಟು ಈಗಲೂ ನನ್ನ ಹತ್ತಿರ ಇದೆ. ಆ ವಾರ ಕಳೆದ ಮೇಲೆ ಅದರಲ್ಲಿ ತೂಕದ ಎರಡು ಗೆರೆಗಳು ಅಕ್ಕಪಕ್ಕ ನಿಧಾನವಾಗಿ ಏರುತ್ತವೆ. ಒಂದರ ಮುಂದೆ ತಂಗಿಯ ಹೆಸರಿದೆ. ಇನ್ನೊಂದರ ಮುಂದೆ, ನನ್ನ ಗುಂಡು ಅಕ್ಷರದಲ್ಲಿ, "ಕಳ್ಳ" ಎಂದಿದೆ.