ಗುತ್ಯಮ್ಮನ ಹಣಿಗೆ, ನನ್ನ ಡಾಕ್ಟರೇಟು

ನಾನು ಶಾಂತ ಸ್ವಭಾವದವನೆಂದು ಶಿಕಾರಿಪುರದಲ್ಲಿ ಹೆಸರಿತ್ತು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನಿಗೆ ಬೇರೆ ಗತಿಯೂ ಇರುವುದಿಲ್ಲ. ಆ ಹೆಸರು ಹೋದದ್ದು ಐವತ್ತರ ದಶಕದ ಕೊನೆಯಲ್ಲಿ, ಜಾನಪದದಲ್ಲಿ ಡಾಕ್ಟರೇಟು ಮಾಡಲು ಹೊರಟಾಗ. "ಹೆಂಗಸರ ಹಾಡು ಬರ್ಕೊಂಡ್ರೆ ಡಾಕ್ಟರ್ ಅಂತಾರೇನ್ರೀ?" ಎಂದು ನಮ್ಮ ಹೆಡ್ಮಾಸ್ಟರು ಕೇಳಿದರು. ನಗುತ್ತ ಕೇಳಿದ್ದರೆ ಸಹಿಸುತ್ತಿದ್ದೆ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ಅದಕ್ಕೇ ಮೈ ಉರಿಯಿತು.

ಬೀಸುವ ಪದಗಳಿಗಾಗಿ ಬಸ್ಸು ಹಿಡಿದು ಆನವಟ್ಟಿಗೆ ಹೋಗಿ, ಅಲ್ಲಿಂದ ಎರಡು ಮೈಲಿ ನಡೆದು ಗುತ್ಯಮ್ಮನೆಂಬ ಮುದುಕಿಯನ್ನು ಹಿಡಿದೆ. "ಕೈ ಸುಮ್ನಿದ್ರೆ ಬಾಯಿಗೆ ಪದ ಬರಲ್ಲ ಮೇಷ್ಟ್ರೇ" ಎಂದು ಆಕೆ ರಾಗಿಯ ಮೊರವನ್ನು ಮುಂದಿಟ್ಟಳು. ಮೂರು ಭಾನುವಾರ ಬೀಸುವ ಕಲ್ಲಿನ ಗೂಟಕ್ಕೆ ನಾನೂ ಕೈ ಹಾಕಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿತು; ಪುಸ್ತಕದಲ್ಲಿ ಅರವತ್ತು ಪದ ಸೇರಿದವು. ಅವುಗಳಲ್ಲಿ ನನಗೆ ತೀರಾ ಪ್ರಿಯವಾದದ್ದು ಇದು:

ಸಂತೀಗೆ ಹೋದೋನು ಏನೇನು ತಂದಾನ
ಮೀಸೀಗೆ ತನಗೊಂದು ಹಣಿಗೀಯ | ತಂದಾರೆ
ಒಲಿದಿಟ್ಟೆನವ್ವ ಅದನಾಗ

ಗಂಡ ತನ್ನ ಮೀಸೆ ಬಾಚಲು ತಂದ ಹಣಿಗೆಯನ್ನೂ ಒಲಿದು ಎತ್ತಿಟ್ಟುಕೊಂಡಳಲ್ಲ! ಜನಪದ ಸತಿಯ ಪ್ರೇಮದ ಮೇಲೆ ಎರಡು ಪುಟ ಅಡಿಟಿಪ್ಪಣಿ ಬರೆದು ನನ್ನ ಮಾರ್ಗದರ್ಶಕರಿಗೆ ಅಂಚೆಯಲ್ಲಿ ಕಳಿಸಿದೆ.

ಅಧ್ಯಾಯ ವಾಪಸು ಬಂತು. 'ಮೀಸೀಗೆ ತನಗೊಂದು' ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು 'ಮುಡಿಗೆಂದು ನನಗೊಂದು' ಎಂದು ಮಾಡಿದ್ದರು. ಪಕ್ಕದಲ್ಲಿ ಷರಾ: "ಒಲಿದು ಇಟ್ಟುಕೊಂಡಳೆಂದರೆ ಹಣಿಗೆ ಆಕೆಗೇ ತಂದದ್ದಿರಬೇಕು. ಪಾಠ ಅಶುದ್ಧ. ತಿದ್ದಿದೆ."

ಬೊಬ್ಬೆ ಬರುವಂತೆ ಬೀಸಿದವನು ನಾನು. ಫ್ಯಾನಿನ ಕೆಳಗೆ ಕೂತು ಆ ಗಂಡ ಸಂತೆಯಿಂದ ಏನು ತಂದನೆಂದು ಹೇಳಲು ಇವರು ಯಾರು? ಕೇಳಿದ್ದನ್ನು ಕೇಳಿದಂತೆ ಬರೆಯುವುದೇ ಶಾಸ್ತ್ರ, ತಿದ್ದುವುದು ಕಳ್ಳತನ ಎಂದು ನಾಲ್ಕು ಪುಟದ ಕಾಗದ ಬರೆದು ಅಂದೇ ಅಂಚೆಗೆ ಹಾಕಿದೆ. ಸಾಕ್ಷಿಗೆ ಗುತ್ಯಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಬರಲು ಮುಂದಿನ ಭಾನುವಾರ ಆನವಟ್ಟಿಯ ಬಸ್ಸು ಹತ್ತಿದೆ.

"ಮೊದ್ಲು ಓದ್ರಿ" ಎಂದಳು ಆಕೆ. "ಓದಿಸ್ದೆ ಹೆಬ್ಬೆಟ್ಟು ಒತ್ತಿ ನಮ್ಮನೇರು ಒಂದು ಗದ್ದೆ ಕಳಕೊಂಡಾರೆ."

ಓದಿದೆ. ಮೀಸೆಯವರೆಗೆ ತಲೆದೂಗಿದಳು. ಮೂರನೆಯ ಸಾಲಿಗೆ ಕೈ ಅಡ್ಡ ಹಿಡಿದಳು.

"ಒಲಿದಿಟ್ಟೆ ಅಲ್ಲ. ಒಲಿಗಿಟ್ಟೆ."

"ಒಲಿಗೆ ಅಂದರೆ?"

"ಒಲೆ ಒಳಗೆ. ಮರದ ಹಣಿಗೆ, ಚೆನ್ನಾಗಿ ಉರೀತದೆ. ಹೆಂಡ್ತಿಗೆ ಗೇಣು ಬಟ್ಟೆ ತರದೋನು ಮೀಸೆಗೆ ಹಣಿಗೆ ತಂದ್ರೆ ಒಲಿದು ಇಟ್ಕೊಳ್ತಾರಾ ಯಾರಾದ್ರೂ?"

ಆಗ ನೆನಪಾಯಿತು. ಬೀಸುವಾಗ ನನ್ನ ಕಿವಿಗೆ ಬಿದ್ದದ್ದೂ 'ಒಲಿಗಿಟ್ಟೆ' ಎಂದೇ. ಮನೆಗೆ ಬಂದು ನಕಲು ತೆಗೆಯುವಾಗ, ಪಾಪ ಮುದುಕಿ, ಬಾಯಿ ತಪ್ಪಿದೆ ಎಂದು ಕರುಣೆಯಿಂದ ತಿದ್ದಿದ್ದೆ. ನನ್ನ ಆ ತಿದ್ದುಪಡಿಯನ್ನು ನಂಬಿಯೇ ಮಾರ್ಗದರ್ಶಕರು ಮೀಸೆ ಬೋಳಿಸಿದ್ದರು. ಅಷ್ಟು ಹೊತ್ತಿಗೆ ನನ್ನ ನಾಲ್ಕು ಪುಟದ ಕಾಗದ ಅವರ ಮೇಜಿನ ಮೇಲಿದ್ದಿರಬೇಕು.

ಅಡಿಟಿಪ್ಪಣಿ ಕಿತ್ತುಹಾಕಿ, ಸರಿಯಾದ ಪಾಠವನ್ನು ಹೆಬ್ಬೆಟ್ಟಿನ ಸಮೇತ ಕಳಿಸಿದೆ. ಮೊದಲಿನ ಸಾಲು ನಕಲುಗಾರನ ತಪ್ಪು ಎಂದಷ್ಟೇ ಬರೆದೆ, ನಕಲುಗಾರ ಯಾರೆಂದು ಬರೆಯಲಿಲ್ಲ. ಮೌಖಿಕ ಪರೀಕ್ಷೆಯ ದಿನ ಮಾರ್ಗದರ್ಶಕರು ಅದೇ ಪದವನ್ನು ತಾವೇ ಓದಿ, "ಇವರಿಂದ ನಾವು ಕಲಿಯಬೇಕು. ಕೇಳಿದ್ದರಲ್ಲಿ ಒಂದಕ್ಷರ ತಿದ್ದಿಲ್ಲ" ಎಂದು ಪರೀಕ್ಷಕರಿಗೆ ಹೇಳಿದರು. ನಾನು ಕೈ ಮುಗಿದೆ. ನಮ್ರತೆ ಎಂದುಕೊಂಡು ಅವರು ಡಾಕ್ಟರೇಟು ಕೊಟ್ಟರು.