ಏಳರ ಮಗ್ಗಿಯೂ ನಮ್ಮ ಮಾಮನ ಹೆದರಿಕೆಯೂ

ಆವತ್ತು ನಮ್ಮ ಶಾಲೆಯ ದೊಡ್ಡ ಕೋಣೆಯಲ್ಲಿದ್ದವರು ಇವರು: ಗೂಡಲೂರಿನವರೆಗಿನ ಶಾಲೆಗಳಿಂದ ಬಂದ ಇಪ್ಪತ್ತು ಮಂದಿ ಟೀಚರುಗಳು, ಊಟಿಯಿಂದ ಜೀಪಿನಲ್ಲಿ ಬಂದ ಅಧಿಕಾರಿ ಮೇಡಂ, ಟೀ ಹಂಚುತ್ತಿದ್ದ ನಾನು, ಮತ್ತು ಕರಿಹಲಗೆಗೆ ಬೆನ್ನು ಅಂಟಿಸಿಕೊಂಡು ನಿಂತಿದ್ದ ನಮ್ಮ ಮಾಮ. ಮಾಮ ಎಂದರೆ ನನ್ನ ಅವ್ವನ ಅಣ್ಣ, ನಾನು ಪಾಠ ಮಾಡುವ ಶಾಲೆಯ ಹೆಡ್‌ಮಾಸ್ಟರ್. ಇನ್ನೂ ಗುರುತು ಬೇಕೇ? ಇಡೀ ನೀಲಗಿರಿಯಲ್ಲೇ ಅತಿ ದೊಡ್ಡ ಹೆದರುಪುಕ್ಕಲ!

ಇದು ಬೆನ್ನ ಹಿಂದೆ ಆಡುವ ಮಾತಲ್ಲ, ಅವರ ಎದುರಿಗೇ ಎಷ್ಟೋ ಸಲ ಆಡಿದ್ದೇನೆ. ಊಟಿ ಬಸ್ಸಿನಲ್ಲಿ ಕಣಿವೆಯ ಕಡೆಯ ಸೀಟು ಸಿಕ್ಕರೆ ಮಾಮ ಅಷ್ಟು ದೂರವೂ ನಿಂತೇ ಹೋಗುತ್ತಾರೆ. ಕೊಡೆ ಬಿಚ್ಚುವ ಮುಂಚೆ ಮೂರು ಸಲ ಒದರುತ್ತಾರೆ, ಒಳಗೆ ಏನಾದರೂ ಮಲಗಿದ್ದರೆ? "ನನ್ನನ್ನು ನೋಡೋಕೆ ಬಂದ ದಿನ ಇವರ ಕೈಯಲ್ಲಿ ಕಾಫಿ ಲೋಟ ನಡುಗಿತ್ತಲ್ಲ, ಅದು ಇನ್ನೂ ನಿಂತಿಲ್ಲ" ಎನ್ನುವುದು ನಮ್ಮ ಅತ್ತೆಯ ದೂರು.

ಇಂಥವರಿಗೆ ದಿನಾ ಸಂಜೆ ಮಕ್ಕಳನ್ನು ಮನೆ ಮುಟ್ಟಿಸುವ ಕೆಲಸ! ಟೀ ತೋಟದ ನಡುವೆ ಒಂದೂವರೆ ಮೈಲಿ ಕಾಲುದಾರಿ. ಒಂದು ದಿನ ಕಾಟಿ, ಅಂದರೆ ಕಾಡುಕೋಣ, ಪೊದೆಯ ಮೇಲೆ ಬರೀ ಬೆನ್ನು ತೋರಿಸುತ್ತದೆ. ಇನ್ನೊಂದು ದಿನ ಕರಡಿ. ಬೆಚ್ಚಿಬಿದ್ದ ಕರಡಿಯಷ್ಟು ಕೆಟ್ಟದ್ದು ಬೇರೆ ಇಲ್ಲ, ಆದ್ದರಿಂದ ದೂರದಿಂದಲೇ ಸದ್ದು ಮಾಡಿಕೊಂಡು ನಡೆಯುವುದು ನಮ್ಮ ಕಡೆಯ ಪದ್ಧತಿ. ಕೆಲವರು ಕೆಮ್ಮುತ್ತಾರೆ, ಕೆಲವರು ಗಂಡಂದಿರನ್ನು ಬೈಯುತ್ತಾ ನಡೆಯುತ್ತಾರೆ. ನಮ್ಮ ಮಾಮ ಹಾಡುತ್ತಾರೆ. ಹಾಡು ಯಾವುದು? ಏಳರ ಮಗ್ಗಿ! ಶಾಲೆಯಲ್ಲಿ ತಮಿಳು, ದಾರಿಯಲ್ಲಿ ನಮ್ಮ ಮನೆಮಾತು. ಕಾಟಿಗೆ ತಮಿಳು ಬರುವುದಿಲ್ಲವಂತೆ.

"ಏಳರದ್ದೇ ಯಾಕೆ ಮಾಮ?"

"ಎರಡರ ಮಗ್ಗಿಯನ್ನ ಮಕ್ಕಳು ಕಣ್ಣು ಮುಚ್ಚಿಕೊಂಡು ಹೇಳ್ತವೆ. ಬುದ್ಧಿಗೆ ಪುರುಸೊತ್ತು ಸಿಕ್ಕಿದ್ರೆ ಪೊದೆ ಕಡೆ ನೋಡಿ ಹೆದರ್ತವೆ. ಏಳರಲ್ಲಿ ಪುರುಸೊತ್ತೆಲ್ಲಿ?"

ಮಕ್ಕಳು ಹೆದರುತ್ತವಂತೆ, ಮಕ್ಕಳು!

ಒಂದು ಸಂಜೆ ಈ ಮೆರವಣಿಗೆ ರಸ್ತೆ ದಾಟುವಾಗ ಮೇಡಂ ಜೀಪು ನಿಲ್ಲಿಸಿ ಹಾಡು ಕೇಳಿಸಿಕೊಂಡರು. ಮಾಮ ಒಂದು ಸಾಲು, ಮಕ್ಕಳು ಮುಂದಿನ ಸಾಲು. "ಆಹಾ, ಹಾಡಿನಲ್ಲಿ ಗಣಿತ!" ಮುಂದಿನ ತಿಂಗಳೇ ಆದೇಶ ಬಂತು. ಗಣಿತ, ವಿಜ್ಞಾನ, ಭಾಷೆ ಎಲ್ಲವನ್ನೂ ಹಾಡಿನಲ್ಲಿ ಕಲಿಸುವುದಕ್ಕೆ ಟೀಚರುಗಳಿಗೆ ತರಬೇತಿ, ಕೊಡುವವರು ನಮ್ಮ ಮಾಮ.

"ಅದು ಕರಡಿಗೋಸ್ಕರ ಅಂತ ಹೇಳಿಬಿಡಿ ಮಾಮ."

"ಮೇಡಂಗೆ ಹೇಳೋದಾ? ಕರಡಿಗೇ ಹೇಳ್ತೀನಿ ಬೇಕಾದ್ರೆ!"

ಹೀಗೆ ಕರಿಹಲಗೆಗೆ ಬೆನ್ನು ಅಂಟಿತ್ತು. ಮಾಮ ಬಾಯಿ ತೆರೆದರು. ಮುಚ್ಚಿದರು. ನೀರು ಕುಡಿದು ಮತ್ತೆ ತೆರೆದರು. ಗಾಳಿ ಮಾತ್ರ ಬಂತು. ಗೂಡಲೂರಿನ ಟೀಚರ್ ಒಬ್ಬರು, "ಸಾರ್, ಇದು ಸೌಂಡ್ ಇಲ್ಲದ ಹಾಡಾ?" ಎಂದು ತಮಿಳಿನಲ್ಲಿ ಕೇಳಿದರು. ಕೋಣೆಯೆಲ್ಲ ನಗು. ಪಾಪ, ನಾಲ್ಕು ಗೋಡೆಯೊಳಗೆ ಕರಡಿ ಇಲ್ಲದೆ ಆ ಗಂಟಲು ಹೇಗೆ ತೆರೆದೀತು? ಬೇರೆಯವರು ಮಳೆಯ ಹಾಡು, ಬೇರಿನ ಹಾಡು ಕಟ್ಟಿ ಹೇಗೋ ಹಗಲು ಕಳೆದರು. ನಾಲ್ಕರ ಬೆಲ್ ಹೊಡೆದಾಗ ಮಾಮನಿಗೆ ಜೀವ ಬಂತು. "ಮೇಡಂ, ಮಕ್ಕಳನ್ನ ಬಿಡಬೇಕು. ದಾರಿಯಲ್ಲಿ ತೋರಿಸ್ತೀನಿ."

ಎಲ್ಲರೂ ಹಿಂದೆ ಹೊರಟೆವು. ಮಂಜು ಇಳಿದಿತ್ತು, ಎದುರಿನವರ ಬೆನ್ನು ಬಿಟ್ಟರೆ ಏನೂ ಕಾಣದು. ಒಂದೊಂದು ಕವಲಿನಲ್ಲಿ ಒಂದೊಂದು ಗುಂಪು ಮಕ್ಕಳು ಕಳಚಿಕೊಂಡರು. ಕೊನೆಗೆ ಉಳಿದವಳು ಮೂರನೇ ಕ್ಲಾಸಿನ ಧರಣಿ ಒಬ್ಬಳೇ. ಅವಳ ಮನೆ ನೂರು ಮೆಟ್ಟಿಲು ಮೇಲೆ. ಆ ಮೆಟ್ಟಿಲು ಹತ್ತುವ ಧೈರ್ಯ ಮಾಮನಿಗೆ ಯಾವತ್ತೂ ಬಂದಿಲ್ಲ. ಕೆಳಗೆ ಸಿಲ್ವರ್ ಓಕ್ ಮರ ಹಿಡಿದು ನಿಂತು ಒಂದು ಸಾಲು ಹಾಡುವರು, ಹತ್ತುತ್ತಾ ಅವಳು ಮುಂದಿನ ಸಾಲು ಹಾಡುವಳು, ಬಾಗಿಲು ಮುಟ್ಟುವವರೆಗೆ.

"ಏಳೊಂದ್ಲ ಏಳು."

"ಏಳೆರಡ್ಲ ಹದಿನಾಲ್ಕು," ಮೇಲಿನಿಂದ.

"ಏಳ್ಮೂರ್ಲ ಇಪ್ಪತ್ತೊಂದು."

ಮೇಲಿನಿಂದ ಏನೂ ಬರಲಿಲ್ಲ.

"ಮರೆತಿರಬೇಕು ಸಾರ್," ಎಂದು ಯಾರೋ ನಕ್ಕರು. ಮಾಮ ನಗಲಿಲ್ಲ. ಅವರ ಮುಖ ಸುಣ್ಣದ ಹಾಗಾಗಿತ್ತು. ನನ್ನ ತೋಳು ಹಿಡಿದು ಪಿಸುಗುಟ್ಟಿದರು: "ಕರಡಿ ದೂರ ಇದ್ರೆ ಹಾಡು, ಹತ್ತಿರ ಇದ್ರೆ ಬಾಯಿ ಮುಚ್ಚು ಅಂತ ನಾನೇ ಕಲಿಸಿದ್ದೀನಿ ಕಣೇ."

ಮೇಲೆಲ್ಲೋ ಟೀ ಗಿಡಗಳು ಸರಸರ ಎಂದವು. ಮೇಡಂ ನನ್ನ ಸೆರಗನ್ನು ಹಿಡಿದುಕೊಂಡಿದ್ದರು.

ಮಾಮ ಮರ ಬಿಟ್ಟರು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ಕಾಲು ನಡುಗುತ್ತಿತ್ತು, ಕೊಡೆ ನಡುಗುತ್ತಿತ್ತು, ಗಂಟಲು ಮಾತ್ರ ನಡುಗಲಿಲ್ಲ. "ಏಳ್ಮೂರ್ಲ ಇಪ್ಪತ್ತೊಂದು!" ಎಂದು ಕೂಗಿ ಹಾಡುತ್ತಾ ಮಂಜಿನೊಳಗೆ ಹೋಗಿಬಿಟ್ಟರು. ಕೆಳಗಿನಿಂದ ನಾವು ದನಿ ಕೂಡಿಸಿದೆವು, ಯಾರೂ ಹೇಳದೆಯೇ. ನಮ್ಮ ಮಾತು ಬಾರದ ಗೂಡಲೂರಿನ ಟೀಚರೂ ಹಾಡಿದರು, ಮೇಡಂ ಎಲ್ಲರಿಗಿಂತ ಜೋರಾಗಿ ಹಾಡಿದರು. ಅದೇ ಸಾಲು, ಮತ್ತೆ ಅದೇ ಸಾಲು. ಎಷ್ಟು ಸಲವೋ!

ಆಮೇಲೆ ಎಳೆಯಷ್ಟು ಸಣ್ಣ ದನಿಯೊಂದು ಇಳಿದು ಬಂತು: "ಏಳ್ನಾಕ್ಲ ಇಪ್ಪತ್ತೆಂಟು."

ತಾಯಿ ಕರಡಿಯೊಂದು ಮರಿಯನ್ನು ಹೊತ್ತು ಅವಳ ಮುಂದೆಯೇ ಮೆಟ್ಟಿಲ ಮೇಲೆ ಬಂದು ನಿಂತಿತ್ತಂತೆ. ಇವಳು ಕಲ್ಲಿನ ಹಾಗೆ ನಿಂತಿದ್ದಳಂತೆ. ಸದ್ದು ಹತ್ತಿರವಾದಂತೆ ಅದು ತೋಟದ ಕಡೆ ತಿರುಗಿಕೊಂಡಿತಂತೆ.

ಮಾರನೆಯ ದಿನ ಮಾಮನಿಗೆ ದನಿಯೇ ಇಲ್ಲ. ಆದರೂ ಸಂಜೆ ಹೊರಟರು, ಜೊತೆಗೆ ನಾನು. ಇನ್ನು ಮುಂದೆ ಬಾಗಿಲವರೆಗೂ ಬರುತ್ತೇನೆಂದು ಕೈಸನ್ನೆ ಮಾಡಿ, ನನ್ನನ್ನು ಮರದ ಹತ್ತಿರ ನಿಲ್ಲಿಸಿ, ಧರಣಿಯ ಕೈ ಹಿಡಿದು ಮೇಲೆ ಹತ್ತಿದರು. ಬಾಗಿಲು ತೆರೆದ ಸದ್ದಾಯಿತು. ಆಗ ನನಗೆ ಹೊಳೆಯಿತು: ಇಳಿಯುವಾಗ ಮಾಮ ಒಬ್ಬರೇ, ಹಾಡಲು ದನಿಯೂ ಇಲ್ಲ.

ಅವಳಿಗೂ ಹೊಳೆದಿರಬೇಕು. ಮೇಲೆ ಬಾಗಿಲಲ್ಲಿ ನಿಂತು ಧರಣಿ ಶುರು ಮಾಡಿದಳು: "ಏಳೊಂದ್ಲ ಏಳು." ಮಂಜಿನೊಳಗಿಂದ ಮಾಮನ ಚಪ್ಪಾಳೆ ಬಂತು. "ಏಳೆರಡ್ಲ ಹದಿನಾಲ್ಕು." ಮತ್ತೆ ಚಪ್ಪಾಳೆ. ಏಳ್ಹತ್ಲ ಎಪ್ಪತ್ತು ಮುಗಿದಾಗ ಮಾಮ ಇನ್ನೂ ಅರ್ಧ ದಾರಿಯಲ್ಲಿದ್ದರು. ಅವಳು ಮತ್ತೆ ಒಂದರಿಂದ ಹಾಡಿದಳು.