ಮದುವೆ ಮನೆಗೆ ಅಳುತ್ತಾ ಹೊರಟ ಪಿಕಪ್ಪು

ಕಾಕಾನ ಪಿಕಪ್ಪಿನಲ್ಲಿ ಕೂತರೆ ಏನಾದರೊಂದು ಆಗೇ ಆಗುತ್ತದೆ. ನಾನು ಹೆಚ್ಚು ಮಾತಾಡುವವಳಲ್ಲ. ಕಿಟಕಿಗೆ ತಲೆಯಾನಿಸಿ ಕೂರುತ್ತೇನೆ, ನಗು ಬಂದರೆ ದುಪಟ್ಟಾದಲ್ಲಿ ಅಡಗಿಸಿಕೊಳ್ಳುತ್ತೇನೆ.

೧. ಹಕ್ಕಿ

ಸುರಪುರದ ನಮ್ಮ ಮನೆಯಿಂದ ಶಹಾಪುರದ ಶಾಲೆಗೆ ಪಾಠ ಹೇಳಲು ನಾನು ಹೋಗುವುದು ಕಾಕಾನ ಗಾಡಿಯಲ್ಲೇ. ಶಹಾಪುರದ ಶಾಮಿಯಾನದ ಸಾವುಕಾರರ ಡೇರೆ, ಪಾತ್ರೆ, ಕುರ್ಚಿಗಳನ್ನು ಮದುವೆ ಮನೆಗಳಿಗೆ ಮುಟ್ಟಿಸುವುದು ಕಾಕಾನ ಕೆಲಸ. ಅವತ್ತು ಹತ್ತಿ ಹೊಲಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ, ನಾನೂ ಪೂರ್ತಿ ಎದ್ದಿರಲಿಲ್ಲ. ತಿರುವಿನಲ್ಲಿ ಏನೋ "ಊಂಞ್..." ಎಂದು ಕೂಗಿತು. ಬೋನಾಳ ಕೆರೆಯ ಹಕ್ಕಿಯೊಂದು ದಾರಿ ತಪ್ಪಿ ನಮ್ಮ ಜೊತೆ ಬರುತ್ತಿದೆ ಎಂದುಕೊಂಡೆ. ಮುಂದಿನ ತಿರುವಿನಲ್ಲೂ ಕೂಗಿತು. ಎಷ್ಟು ನಂಬಿಗಸ್ತ ಹಕ್ಕಿ!

"ಕಾಕಾ, ಎಷ್ಟ್ ಚಂದ ಕೂಗಾಕತ್ತಾದ ನೋಡು."

"ಚಂದ ಏನ್ ಬಂತವ್ವಾ, ಪವರ್ ಸ್ಟೇರಿಂಗ್ ಅದು."

ಅಂಗಡಿ ಬಾಗಿಲಲ್ಲಿ ನಿಂತಿದ್ದ ಸಾವುಕಾರರಿಗೂ ಆ ಕೂಗು ಕೇಳಿಸಿತು. "ಏನೋ ಇದು? ಮದುವಿ ಮನಿಗೆ ಗಾಡಿ ಅಳಕೋತ ಹೋದ್ರ ಮಂದಿ ಅಪಶಕುನ ಅಂತಾರ. ಗೋಗಿ ಊರಿನ ಮದುವಿಗೆ ಹಿಂಗೇ ಬಂದಿ ಅಂದ್ರ ಬ್ಯಾರೆ ಗಾಡಿ ಹಚ್ಚತೀನಿ ನೋಡು!"

ಕಾಕಾನಿಗಿರುವುದು ಅದೊಂದೇ ಕಾಯಂ ಬಾಡಿಗೆ. ಅವನ ಮುಖ ಸಣ್ಣದಾಯಿತು. ನಮ್ಮ ಶಾಲೆಯ ಓಣಿ ಬಂದರೂ ಗಾಡಿ ತಿರುಗಿಸದೆ ನನ್ನನ್ನು ದೊಡ್ಡ ರಸ್ತೆಯಲ್ಲೇ ಇಳಿಸಿದ.

"ನಡಕೋತ ಹೋಗವ್ವಾ. ಒಂದ್ ಅಳುವಾದ್ರೂ ಉಳೀಲಿ."

೨. ಮೌನವ್ರತ

ಸಂಜೆ ಗ್ಯಾರೇಜಿಗೆ ಹೋದೆವು. ಬೆಳಿಗ್ಗೆಯೆಲ್ಲ ಗೋಳಾಡಿದ ಗಾಡಿ ಮಿಸ್ತ್ರಿಯ ಮುಂದೆ ಮೌನವ್ರತ ಹಿಡಿಯಿತು. ಎಡಕ್ಕೆ ತಿರುಗಿಸಿದರೂ ಇಲ್ಲ, ಬಲಕ್ಕೆ ತಿರುಗಿಸಿದರೂ ಇಲ್ಲ.

"ಸದ್ದು ಹ್ಯಾಂಗಿತ್ತು, ಮಾಡಿ ತೋರಸ್ರಿ," ಅಂದ ಮಿಸ್ತ್ರಿ.

ಕಾಕಾ "ಗುರ್ರ್" ಅಂದ. "ಹಂಗಾದ್ರ ಬೇರಿಂಗ್," ಅಂದ ಮಿಸ್ತ್ರಿ. ಕಾಕಾ "ಕೀಂಯ್" ಅಂದ. "ಹಂಗಾದ್ರ ಬೆಲ್ಟ್. ಒಂದ್ ಖರೇ ಹೇಳ್ರಲಾ!"

ಕಾಕಾ ನನ್ನ ಕಡೆ ತಿರುಗಿದ. "ಈಕಿಗೆ ಗೊತ್ತದ. ಈಕಿ ಹಕ್ಕಿ ಅಂತ ಕೇಳ್ಯಾಳ."

ತರಗತಿಯ ಹೊರಗೆ ದನಿಯೆತ್ತಿದವಳಲ್ಲ ನಾನು. ಆದರೆ ಕಾಕಾನ ಸಣ್ಣಗಾದ ಮುಖ ನೋಡಿ ಕಣ್ಣು ಮುಚ್ಚಿಕೊಂಡೆ. ಮಂಜು, ಹತ್ತಿ ಹೊಲ, ಆ ತಿರುವು ಎಲ್ಲ ಬಂದವು. "ಊಂ...ಞ್..." ಎಂದು ಉದ್ದಕ್ಕೆ ಎಳೆದೆ.

"ಸಿಕ್ತು! ಎಣ್ಣಿ ಕಡಿಮಿ ಆಗಿ ಪಂಪು ಗಾಳಿ ಕುಡ್ಯಾಕತ್ತಾದ," ಎಂದು ಮಿಸ್ತ್ರಿ ಬಾನೆಟ್ ಎತ್ತಿದ. ನಿಜಕ್ಕೂ ಪೈಪಿನ ಸಂದಿಯಲ್ಲಿ ಎಣ್ಣೆ ಜಿನುಗುತ್ತಿತ್ತು.

ಚಹಾ ಕುಡಿಯುತ್ತಿದ್ದ ಮುದುಕರೊಬ್ಬರು ಕಾಕಾನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಗಾಡಿ ಇರ್ಲಿ ಬಿಡ್ರಿ. ಹುಡುಗೀನ ಯಾವ ಡಾಕ್ಟರ್‌ಗೆ ತೋರಿಸೀರಿ?"

೩. ಕುಸುಬಿ ಎಣ್ಣೆ

ಪೈಪು ಯಾದಗಿರಿಯಿಂದ ಬರಬೇಕಿತ್ತು. ಅಲ್ಲಿಯವರೆಗೆ ದಿನಾ ಎಣ್ಣೆ ನೋಡಿಕೊಳ್ಳಿ ಎಂದಿದ್ದ ಮಿಸ್ತ್ರಿ. ಮರುದಿನ ಕಾಕಾ ಗಾಡಿ ಚಾಲೂ ಮಾಡಿ ಬಿಸಿಯಾಗಲು ಬಿಟ್ಟು, ಬಾನೆಟ್ ಎತ್ತಿ ಸ್ಟೇರಿಂಗ್ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದಿಟ್ಟು, ಚಹಾಕ್ಕೆ ಒಳಗೆ ಬಂದ. ಅವನ ತಾಯಿ, ನಮ್ಮ ಆಯಿ, ಹೊರಗೇ ಇದ್ದಳು. ಬಾಗಿಲು ಕಿರುಗುಟ್ಟಿದರೂ ಮೊಣಕಾಲು ಕಿರುಗುಟ್ಟಿದರೂ ಆಯಿಗೆ ಗೊತ್ತಿರುವ ಮದ್ದು ಒಂದೇ, ಕುಸುಬಿ ಎಣ್ಣೆ. ಬಾಟಲಿ ತಂದು ಅಂದಾಜಿನಲ್ಲೇ ಸುರಿದಳು. ಅರ್ಧ ಡಬ್ಬಿಯೊಳಗೆ ಹೋಯಿತು, ಅರ್ಧ ಬಿಸಿ ಇಂಜಿನ್ ಮೇಲೆ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಗಾಡಿ ಅಳಲಿಲ್ಲ. ಕಾಕಾ ಹಾಡಿಕೊಳ್ಳುತ್ತಾ ಹೊರಟ. ನನಗೋ ಕಣ್ಣು ಮುಚ್ಚಿದರೆ ಯಾವುದೋ ಹಬ್ಬದ ಅಡುಗೆಮನೆಯ ಘಮ. ಎಷ್ಟು ಹಿತವಾದ ಕನಸು ಎಂದುಕೊಂಡೆ. ಕಣ್ಣು ಬಿಟ್ಟರೆ ಬಾನೆಟ್ಟಿನಿಂದ ಹೊಗೆ! ಗಾಬರಿಯಾಗಿ ರಸ್ತೆ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದೆವು.

ಹಿಂದೆ ಬಂದ ಆಟೋ ನಿಂತಿತು. ಒಬ್ಬ ಇಳಿದು ಬಂದು ಮೂಗರಳಿಸಿದ.

"ಅಣ್ಣಾರ, ಎರಡ್ ಪ್ಲೇಟ್ ಮಿರ್ಚಿ ಭಜಿ ಕಟ್ರಿ. ಲಗೂ."

೪. ಆರತಿ

ಮಿಸ್ತ್ರಿ ಆಯಿಯ ಎಣ್ಣೆಯನ್ನೆಲ್ಲ ಇಳಿಸಿ ತೊಳೆದು, ಹೊಸ ಪೈಪು ಹಾಕಿ, ಸರಿಯಾದ ಎಣ್ಣೆ ತುಂಬಿದ. ಮುಂದಿನ ಗಾಲಿ ಎತ್ತಿಸಿ, ಎಣ್ಣೆಯೊಳಗಿನ ಗಾಳಿಗುಳ್ಳೆ ಹೋಗುವ ತನಕ ಕಾಕಾನಿಂದ ಸ್ಟೇರಿಂಗ್ ಅತ್ತಿಂದಿತ್ತ ತಿರುಗಿಸಿದ. ಆದರೂ ಕಾಕಾನಿಗೆ ಧೈರ್ಯವಿಲ್ಲ. "ನನ್ನ ಕಿವಿ ನಂಬಾಂಗಿಲ್ಲ, ನೀ ಬಾ," ಎಂದು ಗೋಗಿಗೆ ನನ್ನನ್ನೂ ಕರೆದೊಯ್ದ. ಮರುದಿನ ಮದುವೆ, ಆ ಸಂಜೆ ಬೀಗರು ಬರುವವರಿದ್ದರು.

ಮದುವೆ ಮನೆಯ ಮುಂದೆ ಸಾವುಕಾರರು ಕಾಯುತ್ತಿದ್ದರು. "ಪೂರಾ ಎಡಕ್ಕ ಹೊಡಿ. ಪೂರಾ ಬಲಕ್ಕ," ಅಂದರು. ನಾಲ್ಕಾರು ಹಿರಿಯರೂ ಕುತೂಹಲದಿಂದ ಬಂದು, ಬಾನೆಟ್ಟಿಗೆ ಕಿವಿಯಿಟ್ಟು, ತಲೆಬಾಗಿ ಸುತ್ತ ನಿಂತರು. ನಾನು ಉಸಿರು ಹಿಡಿದು ಆಲಿಸಿದೆ. ಒಂದು ಸದ್ದೂ ಇಲ್ಲ.

ಒಳಗಿನ ಹೆಂಗಸರು ಕಿಟಕಿಯಿಂದ ಕಂಡದ್ದಿಷ್ಟೇ: ಒಂದು ಗಾಡಿ, ಸುತ್ತ ತಲೆಬಾಗಿ ನಿಂತ ಹಿರಿಯರು. "ಬೀಗರು ಬಂದ್ರು!" ಎಂದು ಯಾರೋ ಕೂಗಿದರು. ಡೊಳ್ಳು ಶುರುವಾಯಿತು. ಬಾಗಿಲು ತೆರೆದು ಇಳಿದದ್ದು ನಾನು. ಕಾಲಿಗೆ ನೀರು ಹಾಕಿದರು, ಕುಂಕುಮ ಹಚ್ಚಿದರು, ಆರತಿ ಎತ್ತಿದರು. ದೀಪಗಳ ನಡುವೆ ತೇಲಿದಂತೆ ಒಳಗೆ ಹೋದೆ.

ಹಿಂದಿನಿಂದ ಸಾವುಕಾರರ ನಗು ಕೇಳಿಸಿತು. "ಆರತಿ ಮಾಡಿಸ್ಕೊಂಡ ಗಾಡಿ ಹ್ಯಾಂಗ್ ಬಿಡ್ಲೋ? ಮುಂದಿನ ಮದುವೀನೂ ನಿಂದೇ!"

ನನ್ನ ಮುಂದೆ ಆಗಲೇ ಎಲೆ ಬಿದ್ದಿತ್ತು. ಮನೆಯ ಹಿರಿಯಾಕೆ ಪಕ್ಕದಲ್ಲಿ ಕೂತು ಗಲ್ಲ ಹಿಡಿದಳು. "ಗಂಡಿಗೆ ಏನಾಗ್ಬೇಕವ್ವಾ ನೀ?"

"ಏನೂ ಆಗ್ಬೇಕಾಗಿಲ್ರಿ."

"ಹಂಗಾದ್ರ ಹೆಣ್ಣಿನ ಕಡಿಯಾಕಿ?"

"ಅಲ್ರಿ," ತಲೆ ತಗ್ಗಿಸಿ ಅಂದೆ. "ನಾನು ಪಿಕಪ್ಪಿನ ಕಡಿಯಾಕಿ."

ಆಕೆ ಅಡುಗೆಮನೆಯತ್ತ ತಿರುಗಿ ಕೂಗಿದಳು: "ಪಿಕಪ್ಪಿನ ಕಡೀ ಬೀಗರು ಬಂದಾರ, ಹೋಳಿಗಿ ಮ್ಯಾಲ ತುಪ್ಪ ಜಾಸ್ತಿ ಹಾಕ್ರೇ!"